ಬಿದಿರುಕಡ್ಡಿ ಚುಚ್ಚಿದ ಕೊನೆಯ ಹಾಳೆ

ಆಗಿನ ದಿನಗಳಲ್ಲಿ ನಮ್ಮ ದಾಂಡೇಲಿಯಲ್ಲಿ ಎರಡಕ್ಕೆ ಮಾತ್ರ ಎಂದೂ ಬರವಿರಲಿಲ್ಲ. ಒಂದು ಪೇಪರ್ ಮಿಲ್ಲಿನ ವಾಸನೆ, ಇನ್ನೊಂದು ಸಂಶಯ. ವಾಸನೆಯಾದರೂ ಗಾಳಿ ಬೀಸಿದ ಕಡೆಗೆ ಹೋಗುತ್ತಿತ್ತು, ಸಂಶಯಕ್ಕೆ ಗಾಳಿಯೂ ಬೇಕಿರಲಿಲ್ಲ. ಮಿಲ್ಲಿನ ಭೋಂಗಾ ಒಂದು ಗಳಿಗೆ ತಡವಾಗಿ ಕೂಗಿದರೆ ಒಳಗೆ ಯಾರಿಗೋ ಏನೋ ಆಗಿದೆ ಎಂದು ಹೆಂಗಸರೆಲ್ಲ ಬಾಗಿಲಿಗೆ ಬರುತ್ತಿದ್ದರು. ಹಾಲಿನವನು ನಕ್ಕರೆ ಹಾಲಿಗೆ ನೀರು ಬಿದ್ದಿದೆ ಎಂದೇ ಅರ್ಥ. ನಗದಿದ್ದರೆ ಇನ್ನೂ ಹೆಚ್ಚು ಬಿದ್ದಿದೆ. ಅಂಥ ಓಣಿಯಲ್ಲಿ ಬೆಳೆದವಳು ನಾನು. ಈಗಲೂ ಯಾರಾದರೂ ಕಾರಣವಿಲ್ಲದೆ ಹೊಗಳಿದರೆ ಮೊದಲು ನನ್ನ ಪರ್ಸು ಇದೆಯೋ ಇಲ್ಲವೋ ಮುಟ್ಟಿ ನೋಡಿಕೊಳ್ಳುತ್ತೇನೆ.

ಇದಕ್ಕೆ ಕಾರಣವೂ ಇತ್ತು. ನಮ್ಮ ಸಾಲುಮನೆಗಳಲ್ಲಿ ಇದ್ದವರೆಲ್ಲ ಹೊರಗಿನಿಂದ ಬಂದವರೇ. ಕೆಲವರು ಧಾರವಾಡದ ಕಡೆಯವರು, ಕೆಲವರು ಬೆಳಗಾವಿ ಕಡೆಯವರು. ಸ್ವಂತ ಊರಿನಲ್ಲಾದರೆ ಒಬ್ಬರ ಮೂರು ತಲೆಮಾರಿನ ಕತೆ ಇನ್ನೊಬ್ಬರ ಬಾಯಲ್ಲಿರುತ್ತದೆ. ಇಲ್ಲಿ ಎಲ್ಲರೂ ಎಲ್ಲರಿಗೂ ಅರ್ಧ ಗೊತ್ತಿದ್ದವರು. ಉಳಿದ ಅರ್ಧವನ್ನು ನೆರೆಮನೆಯವರು ತಮಗೆ ತೋಚಿದಂತೆ ತುಂಬಿಕೊಳ್ಳುತ್ತಿದ್ದರು. ನಮ್ಮಪ್ಪ ಕಲಘಟಗಿ ಕಡೆಯವನು, ಮಿಲ್ಲಿನಲ್ಲಿ ಬಿದಿರು ಕತ್ತರಿಸುವ ಯಂತ್ರದ ಹತ್ತಿರ ಅವನ ಕೆಲಸ. ಪಾಳಿ ಮುಗಿಸಿ ಬಂದು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರೆ ಇಡೀ ಕೋಣೆಗೆ ಹಸಿ ಬಿದಿರಿನ ವಾಸನೆ. ಅದರ ಜೊತೆಗೆ ಅವ್ವ ಬಡಿಯುವ ರೊಟ್ಟಿಯ ವಾಸನೆ, ಪುಂಡಿಪಲ್ಯಕ್ಕೆ ಬಿದ್ದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ. ಇವು ಮೂರೂ ಕೂಡಿದರೆ ನನಗೆ ಮನೆ.

ಮಳೆ ನಿಂತು ಕಾಳಿ ಹೊಳೆಯ ಕೆಂಪು ನೀರು ತಿಳಿಯಾಗುವ ಹೊತ್ತಿಗೆ, ಅಂದರೆ ದಸರೆಯ ಆಚೀಚೆ, ಸಂತೆಗೆ ಪದದ ಪುಸ್ತಕಗಳು ಬರುತ್ತಿದ್ದವು. ನಿಮ್ಮಲ್ಲಿ ಕೆಲವರಾದರೂ ಅವನ್ನು ಕಂಡಿರುತ್ತೀರಿ. ಅಂಗೈಗಿಂತ ತುಸು ದೊಡ್ಡವು, ಗುಲಾಬಿ, ಹಳದಿ, ಹಸಿರು ಬಣ್ಣದ ಒರಟು ಕಾಗದ, ನಡುವೆ ದಾರದ ಹೊಲಿಗೆ. ಮೇಲೊಂದು ಅಚ್ಚಿನ ಚಿತ್ರ, ಒಳಗೆ ಹಾಡುವ ಪದ, ಪದಗಳ ನಡುವೆ ಮತ್ತೆ ಚಿತ್ರ. ಮೂಗಿನ ಹತ್ತಿರ ಹಿಡಿದರೆ ಸೀಮೆಎಣ್ಣೆಯಂಥ ಮಸಿಯ ವಾಸನೆ. ಘಟ್ಟದಲ್ಲಿ ಬಸ್ಸು ಉರುಳಿದ್ದು, ಹುಲಿ ಊರೊಳಗೆ ಬಂದದ್ದು, ಅತ್ತೆ ಸೊಸೆಗೆ ವಿಷವಿಟ್ಟದ್ದು, ಸೂಪಾದಲ್ಲಿ ಊರಿಗೆ ಊರೇ ನೀರಿನಡಿ ಹೋದದ್ದು, ಎಲ್ಲವೂ ಪದವಾಗಿ ಬರುತ್ತಿದ್ದವು. ಪತ್ರಿಕೆ ಓದದವರೂ ಇದನ್ನು ಕೇಳುತ್ತಿದ್ದರು. ಪತ್ರಿಕೆಯನ್ನು ನಂಬದವರೂ ಇದನ್ನು ನಂಬುತ್ತಿದ್ದರು, ಯಾಕೆಂದರೆ ಇದರಲ್ಲಿ ಪ್ರಾಸವಿತ್ತು.

ಕಟ್ಟುವವನು, ಹಾಡುವವನು, ಮಾರುವವನು ಎಲ್ಲ ಒಬ್ಬನೇ, ಪದದ ಫಕೀರಪ್ಪ. ಸಂತೆಯಲ್ಲಿ ಮೀನಿನವರು ಮುಗಿದು ಬಳೆಗಾರರು ಶುರುವಾಗುವ ಜಾಗದಲ್ಲಿ ಗೋಣಿತಟ್ಟು ಹಾಸಿ, ಪುಸ್ತಕಗಳ ಮೇಲೆ ಹೊಳೆಯ ಗುಂಡುಗಲ್ಲು ಇಟ್ಟು, ದಪ್ಪು ಬಡಿಯುತ್ತಿದ್ದ. ಅವನ ಒಂದು ಕಣ್ಣು ಓರೆ. ನಮ್ಮನ್ನು ನೋಡುತ್ತಿದ್ದಾನೋ ಪಕ್ಕದವರನ್ನೋ ತಿಳಿಯುತ್ತಿರಲಿಲ್ಲ. ಆದ್ದರಿಂದ ಪ್ರತಿಯೊಬ್ಬರಿಗೂ ಅವನು ತಮ್ಮನ್ನೇ ನೋಡುತ್ತಿದ್ದಾನೆ ಎಂಬ ಗುಮಾನಿ. ಪುಸ್ತಕ ಬಿಡಿಸಿ ಎತ್ತಿ ಹಿಡಿದು, ಬಿದಿರಿನ ಕೋಲಿನಿಂದ ಚಿತ್ರ ತೋರಿಸುತ್ತ ಹಾಡುತ್ತಿದ್ದ. ಕತೆ ಗಂಟು ಬೀಳುವ ಜಾಗಕ್ಕೆ ಬಂದೊಡನೆ ದಪ್ಪು ನಿಲ್ಲುತ್ತಿತ್ತು. ಮುಂದಿನದು ಪುಸ್ತಕದಲ್ಲಿದೆ, ಒಯ್ದು ಓದಿರಿ ಎಂದು ನೀರು ಕುಡಿಯಲು ಹೋಗುತ್ತಿದ್ದ. ಪುಕ್ಕಟೆ ಓದುವವರು ಎಲ್ಲ ಕಡೆಯೂ ಇರುತ್ತಾರಲ್ಲ, ಅವರ ಕಾಟಕ್ಕೆ ಅವನು ಪ್ರತಿ ಪುಸ್ತಕದ ಕೊನೆಯ ಎರಡು ಹಾಳೆ ಕೂಡಿಸಿ ಒಂದು ಸಣ್ಣ ಬಿದಿರುಕಡ್ಡಿ ಚುಚ್ಚಿರುತ್ತಿದ್ದ. ಕೊನೆಯ ಪದ, ಕೊನೆಯ ಚಿತ್ರ ಅದರ ಒಳಗೆ. ಕಡ್ಡಿ ಕಿತ್ತೆಯೋ, ಪುಸ್ತಕ ನಿನ್ನದು.

ನಮ್ಮ ಸಾಲಿನವರು ಕೊಳ್ಳುವುದರಲ್ಲಿ ಬಲು ಬಿಗಿ. ಕಾಗದ ಮಾಡುವ ಊರಲ್ಲಿ ಕಾಗದ ಕೊಳ್ಳುವುದೆಂದರೆ ಹೊಳೆದಂಡೆಯಲ್ಲಿ ನಿಂತು ನೀರು ಕೊಂಡಂತೆ ಎಂದು ಅಪ್ಪ ಹೇಳುತ್ತಿದ್ದ. ಆದರೂ ಎದುರುಮನೆಯ ಪಾರಕ್ಕ ಪ್ರತಿ ವರ್ಷ ಒಂದು ಪುಸ್ತಕ ತರುತ್ತಿದ್ದಳು. ಅದು ಮನೆಯಿಂದ ಮನೆಗೆ ಸುತ್ತಿ, ಅಂಚು ಹರಿದು, ಎಣ್ಣೆಯ ಬೆರಳಚ್ಚು ತುಂಬಿ, ಕೊನೆಗೆ ಯಾರದೋ ಒಲೆಗೆ ಸೇರುತ್ತಿತ್ತು. ಹೀಗೆ ಕಡೆಗೆ ಏನಾಯಿತು ಎಂಬುದು ಎಲ್ಲರಿಗೂ ತಿಳಿಯುತ್ತಿತ್ತು.

ಆ ವರ್ಷ ಮಾತ್ರ ಹಾಗಾಗಲಿಲ್ಲ.

ನಮ್ಮ ಮನೆಯಲ್ಲಿ ಆಗ ಕಸ್ತೂರಿ ಚಿಗವ್ವ ಇದ್ದಳು, ಅವ್ವನ ತಂಗಿ. ಅವಳ ಗಂಡ ಮಲ್ಲೇಶಿ ಕಾಕಾ ಲಾರಿಗಳಿಗೆ ಬಿದಿರು ಹೇರುವ ಕೆಲಸ ಮಾಡುತ್ತಿದ್ದ. ಹಿಂದಿನ ವರ್ಷ ಒಂದು ಮುಂಜಾನೆ ಮೀನು ಹಿಡಿಯುತ್ತೇನೆಂದು ಕೋಗಿಲಬನದ ಕಡೆ ಹೋದವನು ತಿರುಗಿ ಬರಲಿಲ್ಲ. ಅವನ ರುಮಾಲು ನೀರಿನಂಚಿನ ಬಂಡೆಗೆ ಸಿಕ್ಕಿಕೊಂಡಿತ್ತು. ಹೊಳೆಯೆಲ್ಲ ಹುಡುಕಿದರೂ ಹೆಣ ಸಿಗಲಿಲ್ಲ. ಮೊಸಳೆ ಒಯ್ದಿದೆ ಎಂದರು ಕೆಲವರು, ಸುಳಿಗೆ ಸಿಕ್ಕ ಎಂದರು ಕೆಲವರು. ಮುಂಡಗೋಡದ ಕಡೆಯ ಅವಳ ಅತ್ತೆಮನೆಯವರು ಬಂದು, ಸೊಸೆಯ ಕಾಲ್ಗುಣವೇ ಮಗನನ್ನು ತಿಂದಿತು ಎಂದು ಬಾಯಿ ಬಡಿದುಕೊಂಡು ಹೋದರು. ಚಿಗವ್ವ ನಮ್ಮಲ್ಲೇ ಉಳಿದಳು. ಹಳೆ ಸೀರೆಗಳನ್ನು ಕೂಡಿಸಿ ಕೌದಿ ಹೊಲಿದುಕೊಡುತ್ತಿದ್ದಳು. ನಮ್ಮ ಪಡಸಾಲೆಯಲ್ಲಿ ಓಣಿಯ ಹೆಂಗಸರು ಅವಳ ಸುತ್ತ ಕುಳಿತು ತುಂಡು ಜೋಡಿಸುತ್ತ ಊರ ಸುದ್ದಿ ಆಡುತ್ತಿದ್ದರು.

ಅವಳು ಕುಂಕುಮ ಅಳಿಸಿರಲಿಲ್ಲ. ಹೆಣ ಕಾಣದೆ ನಾನು ಯಾವ ಬಾಯಿಂದ ಸತ್ತನೆಂದು ಹೇಳಲಿ ಎನ್ನುತ್ತಿದ್ದಳು. ಆ ಕುಂಕುಮವೇ ಪಾರಕ್ಕನ ಕಣ್ಣಿಗೆ ಚುಚ್ಚುತ್ತಿತ್ತು. ಅವರಿಬ್ಬರ ನಡುವೆ ಮೊದಲೇ ಒಂದು ಜಗಳವಿತ್ತು. ಕಾಕಾ ಹೋದ ದಿನಗಳಲ್ಲೇ ಅವನ ಹೊಸ ಧೋತರ ಕಾಣೆಯಾಗಿತ್ತು. ಹಿಂದಿನ ದಿನ ಒಗೆದು ಹಗ್ಗಕ್ಕೆ ಹಾಕಿದ್ದು ಚಿಗವ್ವನಿಗೆ ನೆನಪಿತ್ತು, ಆ ಹಗ್ಗದ ಇನ್ನೊಂದು ತುದಿ ಪಾರಕ್ಕನ ಗೋಡೆಗೆ ಕಟ್ಟಿತ್ತು. ನೇರವಾಗಿ ಕೇಳದಿದ್ದರೂ, ಧೋತರಕ್ಕೆ ಕಾಲು ಬಂದಿರಬೇಕು ಎಂದು ನಳದ ಹತ್ತಿರ ಒಮ್ಮೆ ಅಂದುಬಿಟ್ಟಿದ್ದಳು. ಪಾರಕ್ಕ ಅದನ್ನು ಮರೆಯುವವಳಲ್ಲ.

ಹೀಗಿರುವಾಗ ಫಕೀರಪ್ಪ ಹೊಸ ಪದ ತಂದ. ಆ ದಿನ ಸಂತೆಗೆ ನಾನು ಅವ್ವನ ಜೊತೆ ಹೋಗಿದ್ದೆ. ಕೈಯಲ್ಲಿ ಚುರುಮುರಿಯ ಪೊಟ್ಟಣ, ಬಾಯಲ್ಲಿ ಹಸಿಮೆಣಸಿನ ಖಾರ. ಗುಲಾಬಿ ಬಣ್ಣದ ಪುಸ್ತಕ, ಮೇಲೆ ಹೊಳೆಯ ದಂಡೆಯಲ್ಲಿ ನಿಂತ ಒಬ್ಬ ಹೆಂಗಸು. ಮೂಗಿನಲ್ಲಿ ಮೂಗುಬೊಟ್ಟು, ಕೈಯಲ್ಲಿ ಉದ್ದನೆಯ ಬಟ್ಟೆ. ಫಕೀರಪ್ಪ ದಪ್ಪು ಬಡಿದು ಎತ್ತಿದ:

ಹೊಳಿಯ ದಂಡಿಗೆ ಒಬ್ಬಾಕಿ ನಿಂತಾಳ
ತೇಲಿ ಬಂದ ರುಮಾಲ ಎದಿಗೊತ್ತಿಕೊಂಡಾಳ
ಊರೆಲ್ಲಾ ಕೂಡಿ ಕೇಳತೈತಿ ಮಾತ
ಎಲ್ಲಿ ಹೋದ ನಿನ್ನ ಕೈಹಿಡಿದಾತ?

ಅಲ್ಲಿಗೆ ದಪ್ಪು ನಿಂತಿತು. ಸಂತೆಯಲ್ಲಿದ್ದ ನಮ್ಮ ಓಣಿಯವರೆಲ್ಲ ಅವ್ವನ ಕಡೆ ತಿರುಗಿದರು, ಆಮೇಲೆ ತಮ್ಮ ತಮ್ಮ ಚೀಲಗಳ ಕಡೆ ತಿರುಗಿದರು. ಅವ್ವ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಮನೆಗೆ ಬಂದಳು. ಉಪ್ಪು ತರುವುದೇ ಮರೆತಿತ್ತು.

ಕೊನೆಯ ಹಾಳೆಯಲ್ಲಿ ಏನಿದ್ದೀತು? ಆ ವಾರ ಓಣಿಗೆ ಬೇರೆ ಮಾತೇ ಇರಲಿಲ್ಲ. ನೇಣಿನ ಹಗ್ಗದ ಚಿತ್ರವಿದೆ ಎಂದು ಒಬ್ಬರು, ಪೊಲೀಸರು ಬೇಡಿ ಹಾಕುವ ಚಿತ್ರ ಎಂದು ಒಬ್ಬರು, ಹೆಂಗಸು ಗಂಡನನ್ನು ನೀರಿಗೆ ನೂಕುವ ಚಿತ್ರ ಎಂದು ಪಾರಕ್ಕ. ಆದರೆ ಪುಸ್ತಕ ಮಾತ್ರ ಯಾರೂ ಕೊಳ್ಳಲಿಲ್ಲ. ಕೊಂಡರೆ, ನೋಡು ಇವಳಿಗೆ ಎಷ್ಟು ಖುಷಿ, ಪುಸ್ತಕ ತಂದು ಓದುತ್ತಿದ್ದಾಳೆ ಎಂದು ಪಕ್ಕದವಳು ಅಂದಾಳು ಎಂಬ ಹೆದರಿಕೆ ಪ್ರತಿಯೊಬ್ಬಳಿಗೂ. ಪಾರಕ್ಕನಿಗೂ ಅದೇ ಹೆದರಿಕೆ. ಹೀಗೆ ಇಡೀ ಸಾಲು ಅರ್ಧ ಪದ ಕೇಳಿಕೊಂಡು ಬಂದು, ಉಳಿದರ್ಧವನ್ನು ತನ್ನ ತಲೆಯಿಂದಲೇ ತುಂಬಿಕೊಂಡಿತು. ಕಣ್ಣೆದುರಿಗೇ ಅಚ್ಚಾಗಿ ಬಿದ್ದ ಕೊನೆಯನ್ನು ಓದದೆ ಬರೀ ಊಹೆಯ ಮೇಲೆ ತೀರ್ಪು ಕೊಟ್ಟ ಮಂದಿ ನಮ್ಮ ಓಣಿಯವರು.

ನನಗೆ ತಡೆಯಲಿಲ್ಲ. ಮುಂದಿನ ಸಂತೆಯಲ್ಲಿ ಫಕೀರಪ್ಪ ನೀರು ಕುಡಿಯಲು ಹೋದಾಗ ಒಂದು ಪುಸ್ತಕ ಎತ್ತಿ, ಕಡ್ಡಿ ಚುಚ್ಚಿದ ಹಾಳೆಗಳನ್ನು ಬಿಸಿಲಿಗೆ ಹಿಡಿದು ನೋಡಿದೆ. ಕಾಗದ ತೆಳ್ಳಗಿತ್ತು. ಒಳಗಿನ ಚಿತ್ರ, ಹೊರಗಿನ ಅಕ್ಷರ ಎಲ್ಲ ಒಂದರ ಮೇಲೊಂದು ಬಿದ್ದು, ತಲೆಯ ಮೇಲೆ ಗಂಟು ಹೊತ್ತ, ಮೈಯೆಲ್ಲ ಅಕ್ಷರದ ಹಚ್ಚೆ ಹುಯ್ಯಿಸಿಕೊಂಡ ಭೂತವೊಂದು ಕಂಡಿತು. ಹೆದರಿ ಪುಸ್ತಕ ಕೆಳಗಿಟ್ಟೆ. ಅಂದಿನಿಂದ ನಾನೂ ಚಿಗವ್ವನನ್ನು ವಾರೆಗಣ್ಣಿನಿಂದ ನೋಡತೊಡಗಿದೆ. ಅವಳು ಸೂಜಿಗೆ ದಾರ ಪೋಣಿಸುವಾಗ ಕೈ ನಡುಗುತ್ತದೆಯೇ? ಹೊಳೆಯ ಮಾತು ಬಂದರೆ ಮುಖ ಬಾಡುತ್ತದೆಯೇ? ಸಂಶಯದ ಕಣ್ಣಿಗೆ ನಡುಗಿದರೂ ಸಾಕ್ಷಿ, ನಡುಗದಿದ್ದರೂ ಸಾಕ್ಷಿ.

ಕೌದಿಗೆ ಬರುತ್ತಿದ್ದವರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಒಬ್ಬಳಿಗೆ ಸೊಂಟನೋವು, ಒಬ್ಬಳಿಗೆ ತವರಿನಿಂದ ನೆಂಟರು. ಕೊಟ್ಟ ಹಳೆ ಸೀರೆಗಳನ್ನು ತಿರುಗಿ ಒಯ್ದರು. ನಳದ ಹತ್ತಿರ ಚಿಗವ್ವನ ಕೊಡ ಇದ್ದರೆ ಅದರ ಹಿಂದೆ ಯಾರ ಕೊಡವೂ ನಿಲ್ಲುತ್ತಿರಲಿಲ್ಲ. ಮಕ್ಕಳು ಗಜಗ ಬಿಟ್ಟು ಹೊಸ ಆಟ ಹಿಡಿದರು. ಒಬ್ಬಳು ಟವೆಲ್ಲು ಹಿಡಿದು ನಡುವೆ ನಿಲ್ಲಬೇಕು, ಉಳಿದವರು ಸುತ್ತ ಕುಣಿಯುತ್ತ, ಎಲ್ಲಿ ಹೋದ ನಿನ್ನ ಕೈಹಿಡಿದಾತ ಎಂದು ಕೇಳಬೇಕು, ನಡುವಿನವಳು ಓಡಿಹೋಗಿ ಯಾರನ್ನಾದರೂ ಮುಟ್ಟಬೇಕು. ನಡುವೆ ನಿಲ್ಲುವ ಪಾಳಿ ಹೇಗೋ ಯಾವಾಗಲೂ ನನಗೇ ಬರುತ್ತಿತ್ತು. ಒಂದು ಸಂಜೆ ಹಾಗೆ ನಿಂತಿದ್ದಾಗ ಚಿಗವ್ವ ಬಾಗಿಲಲ್ಲಿ ಬಂದು ನಿಂತಳು. ಹುಡುಗರು ಚೆದುರಿದರು. ಅವಳು ನನ್ನ ಕೈಯಿಂದ ಟವೆಲ್ಲು ತೆಗೆದುಕೊಂಡು ಮಡಚಿ ಒಳಗೆ ಹೋದಳು.

ಅದೇ ವಾರ ಅಪ್ಪ ಅವ್ವನಿಗೆ ಹೇಳಿದ, ದೀಪಾವಳಿ ಆದಮೇಲೆ ಅವಳನ್ನು ಮುಂಡಗೋಡಕ್ಕೆ ಬಿಟ್ಟು ಬರುತ್ತೇನೆ, ಮಿಲ್ಲಿನಲ್ಲಿ ತಲೆಯೆತ್ತಿ ತಿರುಗಲು ಆಗುತ್ತಿಲ್ಲ ಎಂದು. ಮುಂಡಗೋಡ ಎಂದರೆ ಏನೆಂದು ನನಗೂ ಗೊತ್ತಿತ್ತು. ಮಗನನ್ನು ತಿಂದವಳು ಎಂದು ಬೈದುಹೋದ ಮನೆ ಅದು. ಅಲ್ಲಿ ಅವಳಿಗೆ ದನದ ಕೊಟ್ಟಿಗೆಯೇ ಗತಿ ಎಂದು ಅವ್ವ ಅತ್ತಳು. ಅಪ್ಪ ಎದ್ದು ಹೊರಗೆ ಹೋದ. ಚಿಗವ್ವ ಒಲೆಯ ಮುಂದೆ ಕುಳಿತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಮುಂದಿನ ಸಂತೆಗೆ ಅವಳೇ ಹೊರಟಳು. ಇಳಕಲ್ ಸೀರೆ ಉಟ್ಟು, ಹಣೆತುಂಬ ಕುಂಕುಮ ಇಟ್ಟು, ನನ್ನ ಕೈ ಹಿಡಿದು ಸಂತೆಯ ನಡುವೆಯೇ ನಡೆದಳು. ನಮ್ಮ ಹಿಂದೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಕೂಡಿಕೊಂಡರು. ಬದನೆಕಾಯಿ ತರುವ ನೆಪ ಎಲ್ಲರಿಗೂ ಒಂದೇ ಸಲ ಹುಟ್ಟಿತ್ತು. ಅಪ್ಪನೂ ಪಾಳಿ ಮುಗಿಸಿ ಸೈಕಲ್ಲು ತಳ್ಳುತ್ತ ಅಲ್ಲೇ ನಿಂತಿದ್ದ. ಫಕೀರಪ್ಪ ಅರ್ಧ ಪದ ಮುಗಿಸಿ ದಪ್ಪು ಕೆಳಗಿಡುವುದನ್ನೇ ಕಾದು ಚಿಗವ್ವ ಮುಂದೆ ಹೋದಳು.

"ಫಕೀರಪ್ಪನವರ, ಕಡೀಕ ಏನಾಗತೈತಿ ಹಾಡ್ರಿ."

ಅದು ಪುಸ್ತಕದಲ್ಲಿದೆ, ತೆಗೆದುಕೊಂಡು ಓದು ತಾಯಿ ಎಂದ ಅವನು.

"ನಾ ಒಬ್ಬಾಕಿ ಓದಿದ್ರ ಏನು ಬಂತು? ಅರ್ಧಾ ಎಲ್ಲಾರ ಮುಂದ ಹಾಡೀರಿ. ಉಳಿದರ್ಧಾನೂ ಎಲ್ಲಾರ ಮುಂದ ಹಾಡ್ರಿ."

ಕಡೆಯನ್ನು ಹಾಡಿಬಿಟ್ಟರೆ ಪುಸ್ತಕ ಯಾರು ಕೊಳ್ಳುತ್ತಾರೆ, ನನ್ನ ಹೊಟ್ಟೆ ಹೇಗೆ ತುಂಬಬೇಕು ಎಂದು ಅವನು ಕೈ ಮುಗಿದ. ಅವಳು ಜಗಳವಾಡಲಿಲ್ಲ. ಹಾಗಾದರೆ ನಾನೂ ಇಲ್ಲೇ ಕೂರುತ್ತೇನೆ ಎಂದು ಅವನ ಗೋಣಿತಟ್ಟಿನ ಮೇಲೆ, ಪುಸ್ತಕಗಳ ಪಕ್ಕದಲ್ಲೇ ಕುಳಿತುಬಿಟ್ಟಳು. ಚಿತ್ರದ ಹೆಂಗಸೇ ಚಿತ್ರದ ಪಕ್ಕ ಬಂದು ಕುಳಿತಮೇಲೆ ಯಾರು ಹತ್ತಿರ ಬಂದಾರು? ಕೊನೆಗೆ ಫಕೀರಪ್ಪ ಒಂದು ಪುಸ್ತಕ ಎತ್ತಿ, ತನ್ನ ಕೈಯಿಂದಲೇ ಕಡ್ಡಿ ಕಿತ್ತು, ಹಾಳೆ ಬಿಡಿಸಿ ಹಿಡಿದು ಹಾಡಿದ:

ಕೂಡಿದ ದೈವಾ ಕಿವಿಗೊಟ್ಟ ಕೇಳರಿ
ಸತ್ತಿಲ್ಲ ಗಂಡ, ಅಳಬ್ಯಾಡ ನಾರಿ
ರುಮಾಲ ಬಿಟ್ಟಾನ ಹೊಳಿಯ ಪಾಲಿಗೆ
ಘಟ್ಟಾ ಇಳದಾನ ಬ್ಯಾರೆ ಬಾಳಿಗೆ

ಕೊನೆಯ ಚಿತ್ರದಲ್ಲಿ ಭೂತವಿರಲಿಲ್ಲ. ಬರಿದಲೆಯ ಗಂಡಸೊಬ್ಬ ಬಟ್ಟೆಯ ಗಂಟು ಹೊತ್ತು, ಬೆನ್ನು ತಿರುಗಿಸಿ ಘಟ್ಟ ಇಳಿಯುತ್ತಿದ್ದ. ಮುಖ ಕಾಣುತ್ತಿರಲಿಲ್ಲ. ಹೆಂಗಸರು ಮುಖ ಮುಖ ನೋಡಿಕೊಂಡರು. ನನಗೆ ಕುಣಿಯಬೇಕೆನಿಸಿತು, ನಮ್ಮ ಚಿಗವ್ವ ಗೆದ್ದಳು ಎಂದು. ಅವಳು ಮಾತ್ರ ಆ ಗಂಟನ್ನೇ ನೋಡುತ್ತಿದ್ದಳು.

"ಇದು ನೀವು ಕಂಡದ್ದೋ, ಕಟ್ಟಿದ್ದೋ?" ಎಂದು ಮೆಲ್ಲಗೆ ಕೇಳಿದಳು.

"ರುಮಾಲದ ಮಾತು ಚಾದಂಗಡ್ಯಾಗ ಕೇಳಿದ್ದು. ಉಳಿದದ್ದು ಕಟ್ಟಿದ್ದವಾ. ಕಡೀಕ ಹೆಣಾ ತೋರಿಸಿದ್ರ ಮಂದಿ ಪುಸ್ತಕ ತಗೊಳ್ಳೂದಿಲ್ಲ. ಅದಕ್ಕ ಗಂಡನ್ನ ಬದುಕಿಸೇನಿ."

ಹಾಗೆ ಹೇಳುವಾಗ ಅವನ ಕಣ್ಣು ಎಲ್ಲಿತ್ತೋ ನನಗೆ ತಿಳಿಯಲಿಲ್ಲ. ಓರೆಗಣ್ಣಿನವರ ಮಾತು ನಂಬುವುದು ಕಷ್ಟ. ಅವನು ಬರೀ ಕಟ್ಟಿದನೋ, ಯಾವುದೋ ಸಂತೆಯಲ್ಲಿ ಯಾರನ್ನೋ ಕಂಡು ಕಟ್ಟಿದನೋ ಎಂದು ಇವತ್ತಿಗೂ ನನಗೆ ಅನುಮಾನ.

ಅಪ್ಪ ಮುಂದೆ ಬಂದು ಆ ಪುಸ್ತಕ ಕೊಂಡ. ನೀರು ಕೊಂಡ ಹಾಗೆ ಎನ್ನುತ್ತಿದ್ದವನು ಕಾಗದ ಕೊಂಡದ್ದು ಅದೊಂದೇ ಸಲ. ನಳದ ಪಕ್ಕದ ಗೋಡೆಗೆ ಮೊಳೆ ಹೊಡೆದು, ಕೊನೆಯ ಹಾಳೆ ಕಾಣುವಂತೆ ಅದನ್ನು ನೇತುಹಾಕಿದ. ಎಲ್ಲರೂ ನೀರು ತುಂಬುತ್ತ ಓದಿದರು. ಇಲ್ಲಿಗೆ ಮುಗಿಯಿತು ಎಂದುಕೊಂಡಿರಾ? ನಮ್ಮ ಓಣಿ ನಿಮಗೆ ಇನ್ನೂ ಗೊತ್ತಾಗಿಲ್ಲ. ಅವಳು ಎದುರಿಗೆ ಕುಳಿತಿದ್ದಳಲ್ಲ, ಫಕೀರಪ್ಪ ಹೆದರಿ ಪದ ತಿರುಗಿಸಿ ಹಾಡಿದ ಎಂದರು. ಪುಸ್ತಕದಲ್ಲೂ ಅದೇ ಅಚ್ಚಾಗಿದೆಯಲ್ಲ ಎಂದರೆ ಪಾರಕ್ಕ ಅದಕ್ಕೂ ಉತ್ತರ ಇಟ್ಟಿದ್ದಳು.

"ಕಾಗದದ ಮಿಲ್ಲಿನ್ಯಾಗ ದುಡಿಯಾಂವಗ ಒಂದು ಪುಸ್ತಕ ಅಚ್ಚು ಹಾಕಸೂದು ಎಷ್ಟರ ಮಾತು?"

ಅಪ್ಪ ಬಿದಿರು ಕತ್ತರಿಸುವವನು. ಹಾಳೆ ಹೊರಬೀಳುವ ಯಂತ್ರವನ್ನು ಅವನು ಹತ್ತಿರದಿಂದ ನೋಡಿರಲೂ ಇಲ್ಲ. ಆ ಮಾತು ಕೇಳಿ ಅವನಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಬಹುದಿನಗಳ ಮೇಲೆ ನಕ್ಕಿದ್ದ. ಮುಂಡಗೋಡದ ಮಾತನ್ನು ಅವನು ಮತ್ತೆಂದೂ ಎತ್ತಲಿಲ್ಲ. ಓಣಿಯ ಬಾಯಿಗೆ ಹೆದರಿ ಪ್ರಯೋಜನವಿಲ್ಲ ಎಂಬುದು ಅವನಿಗೆ ಅಂದು ಹೊಳೆದಿರಬೇಕು. ಚಳಿ ಶುರುವಾದಾಗ ಹೆಂಗಸರು ಸಂಶಯವನ್ನು ಮಡಚಿಟ್ಟು, ಹಳೆ ಸೀರೆ ಬಗಲಲ್ಲಿ ಹಿಡಿದು, ಏನೂ ಆಗಿಲ್ಲವೆಂಬಂತೆ ಕೌದಿಗೆ ಬಂದರು. ಎಲ್ಲರಿಗಿಂತ ಕೊನೆಗೆ ಪಾರಕ್ಕನೂ ಬಂದಳು.

ಆದರೆ ಆ ಸಂತೆಯ ದಿನ ಮನೆಗೆ ಬಂದಮೇಲೆ ಆದದ್ದನ್ನು ಹೇಳಬೇಕು. ಚಿಗವ್ವ ಸೀದಾ ಹೋಗಿ ಟ್ರಂಕು ತೆರೆದಳು. ಎಲ್ಲವನ್ನೂ ಹೊರಗೆ ತೆಗೆದು, ಮತ್ತೆ ಒಳಗಿಟ್ಟಳು. ಅವ್ವ ಏನೆಂದು ಕೇಳಿದಳು.

"ಅಕ್ಕಾ, ಮೀನಾ ಹಿಡಿಯಾಕ ಹೋಗಾಂವ ಹೊಸಾ ಧೋತರ ಯಾಕ ಒಯ್ತಾನ?"

ಒಂದು ವರ್ಷದಿಂದ ಆ ಧೋತರಕ್ಕಾಗಿ ಚಿಗವ್ವ ಪಾರಕ್ಕನ ಮೇಲೆ ಸಂಶಯಪಟ್ಟಿದ್ದಳು. ಪಾರಕ್ಕ ಚಿಗವ್ವನ ಮೇಲೆ, ಅತ್ತೆಮನೆಯವರು ಕಾಲ್ಗುಣದ ಮೇಲೆ, ಊರು ಮೊಸಳೆಯ ಮೇಲೆ. ಅಷ್ಟು ಸಂಶಯವಿದ್ದ ಊರಿನಲ್ಲಿ ಯಾರಿಗೂ ಆ ಗಂಡಸಿನ ಮೇಲೆ ಸಂಶಯ ಬಂದಿರಲಿಲ್ಲ. ಗಂಡ ಕಾಣೆಯಾದರೆ ಹೆಂಡತಿ ಏನು ಮಾಡಿದಳು ಎಂದೇ ಎಲ್ಲರೂ ಕೇಳಿದ್ದು. ಈಗ ನೆನೆದರೆ ನನಗೆ ಮೈ ಉರಿಯುತ್ತದೆ. ಚಿಗವ್ವ ದಿನಾ ಮೊದಲ ರೊಟ್ಟಿಯನ್ನು ಒಂದು ಬಟ್ಟೆಯಡಿ ಅವನಿಗೆಂದು ಎತ್ತಿಟ್ಟು, ಮರುದಿನ ದನಕ್ಕೆ ಹಾಕುತ್ತಿದ್ದಳು. ಅಂದು ಆ ರೊಟ್ಟಿ ತೆಗೆದು, ಶೇಂಗಾ ಚಟ್ನಿ ಹಚ್ಚಿಕೊಂಡು, ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ತಾನೇ ತಿಂದಳು. ನಿಧಾನವಾಗಿ, ಚೂರೂ ಬಿಡದೆ ತಿಂದಳು. ಆಮೇಲೆ ಎತ್ತಿಡಲಿಲ್ಲ.

ಕಾಕಾ ಬದುಕಿದ್ದನೋ ಇಲ್ಲವೋ ಕೊನೆಗೂ ತಿಳಿಯಲಿಲ್ಲ. ಗೋವೆಯ ಗಡಿಯ ಅನಮೋಡದ ಚೆಕ್‌ಪೋಸ್ಟಿನ ಹತ್ತಿರ ಅವನಂಥವನನ್ನು ಕಂಡೆ ಎಂದು ಒಬ್ಬ ಲಾರಿ ಡ್ರೈವರ್ ಒಮ್ಮೆ ಹೇಳಿದ. ಹೋಗಿ ನೋಡಿ ಬರಲೇ ಎಂದು ಅಪ್ಪ ಕೇಳಿದಾಗ ಚಿಗವ್ವ ಸೂಜಿಯಿಂದ ಕಣ್ಣೆತ್ತದೆ ಬೇಡ ಎಂದಳು.

ಈಗ ಆ ಪುಸ್ತಕಗಳಿಲ್ಲ. ಫಕೀರಪ್ಪ ಯಾವ ವರ್ಷ ಬರುವುದು ನಿಲ್ಲಿಸಿದನೋ ಯಾರಿಗೂ ನೆನಪಿಲ್ಲ. ಸಂತೆಯಲ್ಲಿ ಮೀನಿನವರು ಮುಗಿದೊಡನೆ ಬಳೆಗಾರರು ಶುರುವಾಗುತ್ತಾರೆ, ನಡುವೆ ಜಾಗವೇ ಇಲ್ಲ. ಸಂಶಯ ಮಾತ್ರ ಚೆನ್ನಾಗಿದೆ, ಮೊದಲಿಗಿಂತ ಗಟ್ಟಿಮುಟ್ಟಾಗಿದೆ. ನಾನು ಹಳಿಯಾಳಕ್ಕೆ ಬಂದು ಬಹಳ ಕಾಲವಾಯಿತು, ಚಿಗವ್ವ ನನ್ನ ಜೊತೆಗೇ ಇದ್ದಾಳೆ. ಮೊನ್ನೆ ಪಕ್ಕದ ಮನೆಯ ಹುಡುಗಿ ಫೋನು ತಂದು ಒಂದು ವಿಡಿಯೊ ತೋರಿಸಿದಳು. ಜೋಯಿಡಾ ಕಡೆಯ ಯಾವುದೋ ಹೆಂಗಸಿನ ಫೋಟೊ, ಮುಖದ ಸುತ್ತ ಕೆಂಪು ಗೆರೆ, ಹಿಂದೆ ಎದೆ ನಡುಗಿಸುವ ಸಂಗೀತ, ಅವಳು ಏನೋ ಮಾಡಿದಳೆಂಬ ಮಾತು. ಏನು ಮಾಡಿದಳು, ಕಡೆಗೆ ಏನಾಯಿತು, ಒಂದೂ ಇಲ್ಲ. ನಮ್ಮ ಈಗಿನ ಓಣಿಯವರೆಲ್ಲ ಆಗಲೇ ನೋಡಿ, ಆಗಲೇ ತೀರ್ಪು ಕೊಟ್ಟು, ಆಗಲೇ ಮುಂದೆ ಕಳಿಸಿಯೂ ಆಗಿತ್ತು. ಚಿಗವ್ವ ಕನ್ನಡಕ ಹಾಕಿಕೊಂಡು ಮತ್ತೆ ಮತ್ತೆ ನೋಡಿದಳು. ಆಮೇಲೆ ಗೋಡೆ ಹಿಡಿದು ಎದ್ದು ನನ್ನ ಕಡೆ ತಿರುಗಿದಳು.

"ಇದನ್ನ ಕಟ್ಟಿದಾಂವ ಯಾವ ಸಂತ್ಯಾಗ ಕುಂದರತಾನ ಸುಮಿ? ನಡಿ, ಹೋಗೂಣು."

ನಾನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅಂಥ ಸಂತೆ ಯಾವುದೂ ಇಲ್ಲವೆಂದು ಅವಳಿಗೆ ಹೇಗೆ ಹೇಳಬೇಕೋ ನನಗೆ ತಿಳಿಯಲಿಲ್ಲ.